ಬಿಲ್ ಬಂದಾಗ ಮಾತ್ರ ಸ್ವಾಯತ್ತ

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಿಗೆ ವೇಷ ಬದಲಿಸುವ ವಿದ್ಯೆ ಚೆನ್ನಾಗಿ ಗೊತ್ತು. ಕುಲಪತಿಯ ನೇಮಕ ಅಂದಾಗ ಅವು ಸರ್ಕಾರದ ಸಂಸ್ಥೆಗಳು. ಖಾಲಿ ಹುದ್ದೆ ತುಂಬಬೇಕು ಅಂದರೆ ಆರ್ಥಿಕ ಇಲಾಖೆಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವ ಸರ್ಕಾರದ ಸಂಸ್ಥೆಗಳು. ಆದರೆ ಅಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ ಎದೆ ಹಿಡ್ಕೊಂಡು ಆಸ್ಪತ್ರೆ ಸೇರಿದ ದಿನ, ಇದ್ದಕ್ಕಿದ್ದಂತೆ ಅವು ‘ಸ್ವಾಯತ್ತ ಸಂಸ್ಥೆ’ ಆಗಿಬಿಡುತ್ತವೆ. ಆಗ ಸರ್ಕಾರ ಹೇಳೋದು ಒಂದೇ ಮಾತು: ನಿಮ್ಮ ಆಂತರಿಕ ಸಂಪನ್ಮೂಲದಿಂದ ಭರಿಸಿಕೊಳ್ಳಿ.

ಆಂತರಿಕ ಸಂಪನ್ಮೂಲ ಅಂದರೆ ಏನು ಸ್ವಾಮಿ? ಪರೀಕ್ಷಾ ಶುಲ್ಕ, ಪ್ರವೇಶ ಶುಲ್ಕ, ಕಾಲೇಜುಗಳು ಕಟ್ಟೋ ಸಂಯೋಜನಾ ಶುಲ್ಕ. ಅಂದರೆ ನಮ್ಮೂರು ಉಡಿಗಾಲದಿಂದ ಬಸ್ಸು ಹತ್ತಿ ಓದಲು ಹೋಗೋ ಹುಡುಗಿ ಕಟ್ಟುವ ಫೀಸಿನಲ್ಲಿ ನಿವೃತ್ತರ ಪಿಂಚಣಿಯೂ ಏಳಬೇಕು, ಆಸ್ಪತ್ರೆಯ ಬಿಲ್ಲೂ ತೀರಬೇಕು. ಇದಕ್ಕಿಟ್ಟ ಚೆಂದದ ಹೆಸರು ಸ್ವಾಯತ್ತತೆ.

ನಾನು ಉಡಿಗಾಲದವನು. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ಓಡಾಡಿಕೊಂಡು ಬೆಳೆದು, ಈಗ ನಿಮ್ಮೆಲ್ಲರ ಹಾಗೆ ಬೆಂಗಳೂರಿನಲ್ಲಿ ಕೂತು ಸಂಬಳ ಎಣಿಸುವವನು. ನಮ್ಮ ಕಂಪನಿಗೆ ಸೇರಿದ ವಾರದಲ್ಲೇ ಎಚ್‌ಆರ್‌ನವರು ಇನ್ಶೂರೆನ್ಸ್ ಕಾರ್ಡ್ ಕಳಿಸಿದರು. ನನಗೆ, ಹೆಂಡತಿಗೆ, ಅಪ್ಪ-ಅವ್ವನಿಗೆ, ಎಲ್ಲರಿಗೂ ಕ್ಯಾಶ್‌ಲೆಸ್. ಅದೇ ಅನುಕೂಲ ನಮಗೆ ಪಾಠ ಹೇಳಿದ ಮೇಷ್ಟ್ರಿಗೆ, ಅಂಕಪಟ್ಟಿ ಬರೆದುಕೊಟ್ಟ ಗುಮಾಸ್ತರಿಗೆ, ಹಾಸ್ಟೆಲ್‌ನಲ್ಲಿ ಅನ್ನ ಬಡಿಸಿದ ಅಡುಗೆಯವರಿಗೆ ಇದೆಯಾ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಇದೆಯೋ ಇಲ್ಲವೋ ಅನ್ನೋದು ಅಲ್ಲಿ ಕೆಲಸ ಮಾಡೋರಿಗೇ ಸರಿಯಾಗಿ ಗೊತ್ತಿರಲ್ಲ. ಆದ್ದರಿಂದ ಮೊದಲು ಲೆಕ್ಕ ಬಿಡಿಸಿ ಹೇಳ್ತೀನಿ, ಆಮೇಲೆ ಜಗಳ.

ಒಂದೇ ಕ್ಯಾಂಪಸ್ಸಿನಲ್ಲಿ ನಾಲ್ಕು ಜಾತಿಯ ಮನುಷ್ಯರಿದ್ದಾರೆ. ಮೊದಲನೆಯವರು ಕಾಯಂ ನೌಕರರು. ಸರ್ಕಾರಿ ನೌಕರರಿಗೆ 1963ರ ವೈದ್ಯಕೀಯ ಹಾಜರಾತಿ ನಿಯಮಗಳಿವೆ. ಅದೇ ಪದ್ಧತಿಯಲ್ಲಿ ಇವರಿಗೂ ಮರುಪಾವತಿ. ಅಂದರೆ ಮೊದಲು ನೀವೇ ಸಾಲಸೋಲ ಮಾಡಿ ಆಸ್ಪತ್ರೆಗೆ ಕಟ್ಟಿ. ಬಿಲ್ಲು, ಡಿಸ್ಚಾರ್ಜ್ ಚೀಟಿ, ವೈದ್ಯರ ಪ್ರಮಾಣಪತ್ರ ಎಲ್ಲ ಲಗತ್ತಿಸಿ ಅರ್ಜಿ ಹಾಕಿ. ಸರ್ಕಾರ ಗೊತ್ತು ಮಾಡಿದ ದರದಲ್ಲಿ ಎಷ್ಟು ಬರುತ್ತೋ ಅಷ್ಟು ಬರುತ್ತೆ, ಅದೂ ಹಣ ಇದ್ದಾಗ.

ಸರ್ಕಾರಿ ನೌಕರರ ಪಾಲಿಗೆ ಈ ಪದ್ಧತಿ ಬದಲಾಯಿತು. 2025ರ ಅಕ್ಟೋಬರ್ 1ರಿಂದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಜಾರಿಗೆ ಬಂತು. ಎ ಗುಂಪಿನವರ ಸಂಬಳದಿಂದ ತಿಂಗಳಿಗೆ ₹1000, ಬಿ ₹500, ಸಿ ₹350, ಡಿ ₹250 ಹಿಡಿಯುತ್ತಾರೆ. ಅದಕ್ಕೆ ಬದಲಾಗಿ ನೋಂದಾಯಿತ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ ಚಿಕಿತ್ಸೆ. ಒಳ್ಳೆಯ ಹೆಜ್ಜೆ, ತಕರಾರಿಲ್ಲ. ಆದರೆ ಅದು ರಾಜ್ಯ ಸರ್ಕಾರಿ ನೌಕರರ ಯೋಜನೆ. ವಿಶ್ವವಿದ್ಯಾಲಯದ ನೌಕರ 2000ದ ಕಾಯ್ದೆಯಡಿಯ ಸ್ವಾಯತ್ತ ಸಂಸ್ಥೆಯ ನೌಕರ. ತಹಶೀಲ್ದಾರ್ ಕಚೇರಿಯ ಗುಮಾಸ್ತ ಒಳಗೆ, ವಿ.ವಿ. ಕಚೇರಿಯ ಗುಮಾಸ್ತ ಹೊರಗೆ. ಇಬ್ಬರೂ ಒಂದೇ ಬೀದಿಯಲ್ಲಿ ಬಾಡಿಗೆ ಮನೆಯಲ್ಲಿರಬಹುದು, ಇಬ್ಬರಿಗೂ ಒಂದೇ ಡೆಂಗಿ ಸೊಳ್ಳೆ ಕಚ್ಚಬಹುದು.

ಎರಡನೆಯವರು ನಿವೃತ್ತರು. ಬೋಧಕರಾದರೆ ಅರವತ್ತೆರಡು, ಬೋಧಕೇತರರಾದರೆ ಅರವತ್ತು ತುಂಬಿದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ. ಮಾರನೆಯ ದಿನದಿಂದ ಮರುಪಾವತಿ ಇಲ್ಲ. ಮೂರನೆಯವರು ಅತಿಥಿ ಉಪನ್ಯಾಸಕರು. ನಾಲ್ಕನೆಯವರು ಹೊರಗುತ್ತಿಗೆಯ ಸೆಕ್ಯೂರಿಟಿ, ಸ್ವಚ್ಛತೆ, ತೋಟದ ಕೆಲಸದವರು.

ಈ ನಾಲ್ಕನೆಯವರದ್ದೇ ಒಂದು ವಿಪರ್ಯಾಸ ಇದೆ. ಸಂಬಳ ₹21,000ದ ಒಳಗಿದ್ದರೆ ಅವರಿಗೆ ಇಎಸ್‌ಐ ಅನ್ವಯಿಸುತ್ತೆ. ನೌಕರನದ್ದು ಶೇ. 0.75, ಮಾಲೀಕನದ್ದು ಶೇ. 3.25. ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ವಯೋನಿವೃತ್ತಿಯಾದರೆ, ವರ್ಷಕ್ಕೆ ₹120 ಕಟ್ಟಿ ಗಂಡ ಹೆಂಡತಿ ಇಬ್ಬರೂ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯೋಕೆ ಅವಕಾಶ ಇದೆ. ಹೌದು, ನೂರಿಪ್ಪತ್ತು ರೂಪಾಯಿ. ಗುತ್ತಿಗೆದಾರ ವಂತಿಗೆಯನ್ನು ಸರಿಯಾಗಿ ಕಟ್ಟಿದರೆ ಅನ್ನೋ ದೊಡ್ಡ ‘ರೆ’ ಒಂದಿದೆ, ಒಪ್ಪುತ್ತೇನೆ. ಆದರೂ ಕಾಗದದ ಮೇಲಾದರೂ ಗೇಟು ಕಾಯುವವನಿಗೆ ನಿವೃತ್ತಿಯ ನಂತರ ಒಂದು ಆಸ್ಪತ್ರೆ ಇದೆ. ಒಳಗೆ ಪಾಠ ಹೇಳಿದವರಿಗೆ ಕಾಗದದ ಮೇಲೂ ಇಲ್ಲ.

ಅತಿಥಿ ಉಪನ್ಯಾಸಕರ ಕಥೆ ಇನ್ನೂ ಚೆನ್ನ. ಸಂಬಳ ₹21,000 ದಾಟಿತೋ, ಇಎಸ್‌ಐ ಇಲ್ಲ. ಕಾಯಂ ಅಲ್ಲ, ಹಾಗಾಗಿ ಮರುಪಾವತಿಯೂ ಇಲ್ಲ. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ₹1.5 ಲಕ್ಷದ ಮಿತಿಯಲ್ಲಿ. ಅಂದರೆ ಪಿಎಚ್‌.ಡಿ. ಮಾಡಿ ಹತ್ತು ವರ್ಷ ಪಾಠ ಹೇಳಿದವನ ಅತ್ಯುತ್ತಮ ಆರೋಗ್ಯ ವಿಮೆ ಊರಲ್ಲಿರೋ ಅಪ್ಪನ ರೇಷನ್ ಕಾರ್ಡು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು 2023ರ ಕೊನೆಯಲ್ಲಿ ತರಗತಿ ಬಿಟ್ಟು ಬೀದಿಗಿಳಿದ ಮೇಲೆಯೇ ಸರ್ಕಾರ ಅವರಿಗೆ ಆರೋಗ್ಯ ವಿಮೆಯ ಮಾತಾಡಿದ್ದು. ಕೆಮ್ಮು ಬಂದರೆ ಮಾತ್ರೆ ಸಿಗಬೇಕಾದರೂ ಮೊದಲು ಧಿಕ್ಕಾರ ಕೂಗಬೇಕು.

ನಮ್ಮ ಸೋದರಮಾವ ಒಬ್ಬರು ಒಂದು ವಿಶ್ವವಿದ್ಯಾಲಯದಲ್ಲಿ ಅಟೆಂಡರ್ ಆಗಿ ಸೇರಿ ಗುಮಾಸ್ತರಾಗಿ ನಿವೃತ್ತರಾದವರು. ಯಾವ ವಿ.ವಿ. ಅನ್ನೋದು ಬೇಡ, ಎಲ್ಲ ಕಡೆಯೂ ಅದೇ ಕತೆ. ಸರ್ವೀಸಿನಲ್ಲಿದ್ದಾಗ ಒಂದು ದಿನ ಜ್ವರ ಅಂತ ಮಲಗಿದವರಲ್ಲ. ನಿವೃತ್ತರಾಗಿ ಎರಡನೇ ವರ್ಷಕ್ಕೆ ಎದೆನೋವು, ಮೈಸೂರಿಗೆ ಅರವತ್ತು ಕಿಲೋಮೀಟರ್ ಆಂಬುಲೆನ್ಸ್, ಸ್ಟೆಂಟು. ಆ ವರ್ಷದ ಅರಿಶಿನ ಪೂರ್ತಿ ಆಸ್ಪತ್ರೆಗೆ ಹೋಯಿತು. ಆಮೇಲೆ ಜಗಲಿ ಮೇಲೆ ಕೂತು ಅವರು ನನಗೆ ಹೇಳಿದ್ದು ಇಷ್ಟೇ: “ಹುಸಾರಾಗಿದ್ದಾಗ ಎಲ್ಲಾನೂ ಇತ್ತು ಕನಾ ಅಳಿಯ. ಈಗ ಕಾಯ್ಲೆ ಬಂದದ, ಈಗ್ಲೇ ಏನೂ ಇಲ್ಲ.”

ಇದಕ್ಕಿಂತ ಸರಿಯಾಗಿ ಈ ವ್ಯವಸ್ಥೆಯನ್ನು ಯಾವ ಆಯೋಗವೂ ವಿವರಿಸಿಲ್ಲ. ದೇಹ ಗಟ್ಟಿ ಇರುವಷ್ಟು ದಿನ ರಕ್ಷಣೆ, ದೇಹ ಸೋಲೋಕೆ ಶುರುವಾದ ದಿನ ಶಾಲು.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಹಾಕೋ ಪದ್ಧತಿ ಗೊತ್ತಲ್ಲ? ಇವತ್ತು ನೀನು ಅವರ ಮನೆಗೆ ಹಾಕು, ನಾಳೆ ನಿನ್ನ ಮನೆಯ ಚಪ್ಪರಕ್ಕೆ ಅವರು ಹಾಕ್ತಾರೆ. ವಿಮೆ ಅಂದರೂ ಅಷ್ಟೇ. ವಯಸ್ಸಿನ ಹುಡುಗರು ಹಾಕಿದ ಮುಯ್ಯಿಯಲ್ಲಿ ವಯಸ್ಸಾದವರ ಚಿಕಿತ್ಸೆ ನಡೆಯುತ್ತೆ, ಆ ಹುಡುಗರು ಮುದುಕರಾದಾಗ ಮುಂದಿನವರು ಹಾಕ್ತಾರೆ. ಈಗ ಆರೋಗ್ಯ ಸಂಜೀವಿನಿಯ ಲೆಕ್ಕ ನೋಡಿ. ಎ ಗುಂಪಿನವರು 25 ವರ್ಷ ತಿಂಗಳಿಗೆ ₹1000 ಕಟ್ಟಿದರೆ ₹3 ಲಕ್ಷ. ಡಿ ಗುಂಪಿನವರು 30 ವರ್ಷ ₹250 ಕಟ್ಟಿದರೆ ₹90,000. ಇಷ್ಟು ಮುಯ್ಯಿ ಹಾಕಿ, ತನ್ನ ಮನೆಯಲ್ಲಿ ಚಪ್ಪರ ಏಳೋ ಹೊತ್ತಿಗೆ ‘ನಿನ್ನ ಲೆಕ್ಕ ಮುಗೀತು, ಹೊರಡು’ ಅಂದರೆ? ನಿವೃತ್ತರಿಗೆ ಬೇರೆಯದೇ ಯೋಜನೆ ಬರುತ್ತೆ, ಅದರ ಹೆಸರು ‘ಸಂಧ್ಯಾ ಕಿರಣ’ ಅಂತಾರೆ. 7ನೇ ವೇತನ ಆಯೋಗ 2024ರಲ್ಲಿ ಕೊಟ್ಟ ವರದಿಯಲ್ಲಿ, ಅದು ಜಾರಿಯಾಗುವವರೆಗೆ ಪಿಂಚಣಿದಾರರಿಗೆ ತಿಂಗಳಿಗೆ ₹500 ವೈದ್ಯಕೀಯ ಭತ್ಯೆ ಕೊಡಿ ಅಂದಿತು. ಸಂಧ್ಯಾ ಕಿರಣ! ಹೆಸರಿಡೋದರಲ್ಲಿ ನಮ್ಮವರನ್ನು ಮೀರಿಸೋರಿಲ್ಲ. ಅದು ಬಂದರೂ ಮೊದಲು ಸರ್ಕಾರದ ಪಿಂಚಣಿದಾರರಿಗೆ. ವಿ.ವಿ. ನಿವೃತ್ತರ ಪಾಳಿ ಯಾವಾಗಲೋ.

ಇದೆಲ್ಲ ಆಗದ ಮಾತು ಅನ್ನೋರು ದಿಲ್ಲಿ ಕಡೆ ನೋಡಲಿ. ಕೇಂದ್ರ ಸರ್ಕಾರದ ಸಿಜಿಎಚ್‌ಎಸ್ 1954ರಿಂದ ಇದೆ. ಅದರ ಸದಸ್ಯ ನಿವೃತ್ತನಾಗುವಾಗ ಹತ್ತು ವರ್ಷದ ವಂತಿಗೆಯನ್ನು ಒಟ್ಟಿಗೆ ಕಟ್ಟಿದರೆ ಬದುಕಿರುವವರೆಗೆ ಕಾರ್ಡು. ಎಪ್ಪತ್ತು ವರ್ಷದ ಹಿಂದೆಯೇ ಶುರುವಾದ ವ್ಯವಸ್ಥೆಗೆ ನಾವಿನ್ನೂ ಹೆಸರು ಹುಡುಕಿಕೊಂಡು ಕೂತಿದ್ದೇವೆ.

ಇನ್ನು ವಿ.ವಿ.ಗಳನ್ನು ಹೋಳು ಮಾಡಿದ ಕಥೆಗೆ ಬರೋಣ, ಯಾಕೆಂದರೆ ರೋಗದ ಬೇರು ಅಲ್ಲಿದೆ. ಮೈಸೂರು ವಿಶ್ವವಿದ್ಯಾಲಯ 1916ರದ್ದು. ಶತಮಾನ ಕಂಡ ಸಂಸ್ಥೆ ಅಂದರೆ ತಲೆಮಾರುಗಟ್ಟಲೆ ನಿವೃತ್ತರಿರುವ ಸಂಸ್ಥೆ. 2022–23ರ ಬಜೆಟ್‌ನಲ್ಲಿ ಏಳು ಹೊಸ ವಿ.ವಿ.ಗಳ ಘೋಷಣೆಯಾಯಿತು. ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಬೀದರ್, ಕೊಪ್ಪಳ, ಬಾಗಲಕೋಟೆ. ನಮ್ಮ ಬೇಡರಪುರದ ಸ್ನಾತಕೋತ್ತರ ಕೇಂದ್ರ 2023ರ ಮಾರ್ಚ್‌ನಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯ ಆಯಿತು. ಹಿಂದುಳಿದ ಜಿಲ್ಲೆ ಅಂತ ಹೇಳಿಸಿಕೊಂಡೇ ಬೆಳೆದ ನಮಗೆ ಆವತ್ತು ಖುಷಿಯಾಗಿದ್ದು ನಿಜ. ಆದರೆ ಕಾಲೇಜುಗಳು ಹೊಸ ವಿ.ವಿ.ಗೆ ಬಂದಾಗ ಅವುಗಳ ಶುಲ್ಕವೂ ಜೊತೆಗೆ ಬಂತು. ನಿವೃತ್ತರು ಬರಲಿಲ್ಲ. ಅವರು ತಾಯಿ ವಿ.ವಿ.ಯ ಲೆಕ್ಕದಲ್ಲೇ ಉಳಿದರು. ಆದಾಯ ಹಂಚಿದರು, ಹೊಣೆ ಹಂಚಲಿಲ್ಲ. ಆಸ್ತಿ ಪಾಲಾಗುವಾಗ ಅಪ್ಪ-ಅವ್ವನ ಔಷಧಿ ಯಾರ ಪಾಲಿಗೆ ಅಂತ ನಮ್ಮೂರ ಪಂಚಾಯಿತಿಯಲ್ಲೂ ಕೇಳ್ತಾರೆ. ವಿಧಾನಸೌಧದಲ್ಲಿ ಕೇಳಲಿಲ್ಲ.

ಸರಿ, ಎರಡೇ ವರ್ಷ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿ.ವಿ.ಗಳನ್ನು ಮುಚ್ಚುವ, ಹಳೆಯದಕ್ಕೆ ಸೇರಿಸುವ ಮಾತೆತ್ತಿತು. ಚಾಮರಾಜನಗರವೂ ಪಟ್ಟಿಯಲ್ಲಿತ್ತು. ತೆರೆಯುವಾಗಲೂ ಲೆಕ್ಕ ಹಾಕಲಿಲ್ಲ, ಮುಚ್ಚುವ ಮಾತಾಡುವಾಗಲೂ ಚರ್ಚೆ ಜಮೀನು, ಕಟ್ಟಡ, ವಿದ್ಯಾರ್ಥಿಗಳ ಸಂಖ್ಯೆಯದ್ದು. ಅಲ್ಲಿ ದುಡಿಯೋರ ಆಸ್ಪತ್ರೆ ಖರ್ಚು ನಾಳೆ ಯಾರ ತಲೆಗೆ ಅಂತ ಒಬ್ಬರೂ ತುಟಿ ಬಿಚ್ಚಲಿಲ್ಲ.

ಚಿಕ್ಕ ವಿ.ವಿ. ತನ್ನಷ್ಟಕ್ಕೆ ತಾನೇ ವಿಮೆ ಮಾಡಿಸಿಕೊಳ್ಳಲಿ ಅನ್ನೋದು ಹುರುಳಿಲ್ಲದ ಮಾತು. ಕಾಯಂ ನೌಕರರೇ ಬೆರಳೆಣಿಕೆಯಷ್ಟಿದ್ದರೆ ಒಬ್ಬರ ಬೈಪಾಸ್, ಇನ್ನೊಬ್ಬರ ಡಯಾಲಿಸಿಸ್ ಸಾಕು, ಮುಂದಿನ ವರ್ಷ ಪ್ರೀಮಿಯಂ ಗಗನಕ್ಕೆ. ನಿವೃತ್ತರನ್ನಷ್ಟೇ ಪ್ರತ್ಯೇಕ ಗುಂಪು ಮಾಡಿದರೂ ಅದೇ ಗತಿ. ಆ ಮುಯ್ಯಿಯಲ್ಲಿ ಹಾಕೋರಿಲ್ಲ, ತಗೊಳ್ಳೋರೇ ಎಲ್ಲ. ಗುಂಪು ದೊಡ್ಡದಿರಬೇಕು, ಅದರಲ್ಲಿ ಇಪ್ಪತ್ತೈದರವರೂ ಎಪ್ಪತ್ತೈದರವರೂ ಇರಬೇಕು. ಆರೋಗ್ಯ ಕರ್ನಾಟಕವನ್ನೂ ಆರೋಗ್ಯ ಸಂಜೀವಿನಿಯನ್ನೂ ನೋಡಿಕೊಳ್ಳೋದು ಒಂದೇ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಅಂದಮೇಲೆ ವಿ.ವಿ.ಯವರನ್ನೂ ಅದೇ ಗುಂಪಿಗೆ ಸೇರಿಸೋಕೆ ಹೊಸ ಕಟ್ಟಡ ಬೇಡ, ಹೊಸ ನಿಗಮ ಬೇಡ. ಒಂದು ಆದೇಶ, ಒಂದು ವಂತಿಗೆ ಪಟ್ಟಿ ಸಾಕು.

“ಪ್ರೊಫೆಸರ್‌ಗಳಿಗೆ ಲಕ್ಷಗಟ್ಟಲೆ ಸಂಬಳ ಗುರು, ಅವರೇ ಪಾಲಿಸಿ ಮಾಡಿಸ್ಕೊಳ್ಳಲಿ” ಅಂತ ನನ್ನ ಆಫೀಸಿನ ಗೆಳೆಯನೊಬ್ಬ ಹೇಳಿದ. ವಿ.ವಿ. ಅಂದರೆ ಪ್ರೊಫೆಸರ್ ಮಾತ್ರ ಅಂದುಕೊಂಡಿದ್ದಾನೆ. ಅಲ್ಲಿ ಮಾಲಿ ಇದ್ದಾನೆ, ಡ್ರೈವರ್ ಇದ್ದಾನೆ, ಪ್ರಶ್ನೆಪತ್ರಿಕೆ ಕಟ್ಟುವ ಹೆಂಗಸಿದ್ದಾಳೆ. 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೆಯ ಪಿಂಚಣಿಯೂ ಇಲ್ಲ. ಅರವತ್ತರ ಮೇಲೆ ಪಾಲಿಸಿ ತಗೊಳ್ಳೋಕೆ ಹೋದರೆ ಮೊದಲು ಕೇಳೋದು ಶುಗರ್ ಇದೆಯಾ, ಬಿ.ಪಿ. ಇದೆಯಾ. ಇದೆ ಅಂದರೆ ಆ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಮೂರು ವರ್ಷ ಕಾಯಿ ಅಂತ ಎದೆನೋವಿಗೆ ಹೇಳೋರು ಯಾರು?

“ಉಡಿಗಾಲದ ರೈತನಿಗೆ ಯಾರು ಕೊಡ್ತಾರೆ ವಿಮೆ?” ಅನ್ನೋದು ಇನ್ನೊಂದು ಪ್ರಶ್ನೆ. ನ್ಯಾಯವಾದದ್ದೇ. ಡೇರಿಗೆ ಹಾಲು ಹಾಕುವವರು, ಸಹಕಾರ ಸಂಘದ ಸದಸ್ಯರು ವರ್ಷಕ್ಕೆ ₹500 ಕಟ್ಟಿ ನಾಲ್ಕು ಜನರ ಕುಟುಂಬವನ್ನು ಯಶಸ್ವಿನಿಗೆ ಸೇರಿಸುತ್ತಾರೆ. ಆ ಯೋಜನೆಯನ್ನು 2018ರಲ್ಲಿ ನಿಲ್ಲಿಸಿದ್ದರು. ಹಳ್ಳಿಗಳು ಬಿಡದೆ ಕೇಳಿದವು, 2023ರಿಂದ ಮತ್ತೆ ನಡೀತಿದೆ. ಅಂದರೆ ಕೇಳಿದರೆ ಬರುತ್ತೆ, ಸುಮ್ಮನಿದ್ದರೆ ಹೋಗುತ್ತೆ. ರೈತನಿಗೆ ಕಡಿಮೆ ಇದೆ ಅಂತ ಗುಮಾಸ್ತನದ್ದನ್ನು ಕಿತ್ತುಕೊಂಡರೆ ರೈತನಿಗೆ ಒಂದು ಮಾತ್ರೆಯೂ ಹೆಚ್ಚಿಗೆ ಸಿಗಲ್ಲ.

ಇದೆಲ್ಲ ನಿಮಗ್ಯಾಕೆ ಅಂತೀರಾ? ನಿಮ್ಮ ಕಂಪನಿಯ ಕಾರ್ಡನ್ನು ಒಮ್ಮೆ ತಿರುಗಿಸಿ ನೋಡಿ. ಕೆಲಸ ಬಿಟ್ಟ ದಿನ, ಅಥವಾ ಬಿಡಿಸಿದ ದಿನ, ಅದು ಬರೀ ಪ್ಲಾಸ್ಟಿಕ್. ಅದರ ಜೊತೆಗೆ ಅಪ್ಪ-ಅವ್ವನ ರಕ್ಷಣೆಯೂ ಹೋಗುತ್ತೆ. ನಲವತ್ತೈದಕ್ಕೆ ಲೇ-ಆಫ್ ಆಗೋ ಈ ಕಾಲದಲ್ಲಿ ನಾವು ಅರವತ್ತರವರೆಗೂ ಕಾಯಬೇಕಿಲ್ಲ. ಸಂಬಳದ ಚೀಟಿಗೆ ಗಂಟು ಹಾಕಿದ ಆರೋಗ್ಯ ಯಾವತ್ತೂ ನಮ್ಮದಲ್ಲ ಅನ್ನೋ ಪಾಠವನ್ನು ವಿ.ವಿ. ನಿವೃತ್ತರು ನಮಗಿಂತ ಮೊದಲು ಕಲಿತಿದ್ದಾರೆ, ಅಷ್ಟೇ ವ್ಯತ್ಯಾಸ.

ನಾನು ಪುಕ್ಕಟೆ ಕೊಡಿ ಅಂತಿಲ್ಲ. ವಿ.ವಿ. ನೌಕರರನ್ನೂ ನಿವೃತ್ತರನ್ನೂ ವಂತಿಗೆ ಹಿಡಿದುಕೊಂಡೇ ರಾಜ್ಯದ ಗುಂಪಿಗೆ ಸೇರಿಸಿ. ಅತಿಥಿ ಉಪನ್ಯಾಸಕರನ್ನು ಹೊರಗಿಡಬೇಡಿ. ವಿ.ವಿ. ಹೋಳಾಗಲಿ, ಕೂಡಲಿ, ನಿವೃತ್ತರ ಹೊಣೆ ಯಾರದ್ದು ಅಂತ ಮೊದಲ ಪುಟದಲ್ಲೇ ಬರೆಯಿರಿ. ಕೆಲಸಕ್ಕೆ ಸೇರಿದ ದಿನ ಒಂದು ಹಾಳೆ ಕೊಡಿ, ಕಾಯಿಲೆ ಬಿದ್ದರೆ ನಿನಗೆ ಏನು ಸಿಗುತ್ತೆ, ಯಾವತ್ತಿನವರೆಗೆ ಸಿಗುತ್ತೆ ಅಂತ ಕನ್ನಡದಲ್ಲಿ ಬರೆದು.

ಮತ್ತೆ ನೀವು. ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳ ಸಂಘದವರು ಫೋನ್ ಮಾಡಿ ಸ್ಮಾರ್ಟ್ ಬೋರ್ಡಿಗೋ ಸಭಾಂಗಣದ ಕುರ್ಚಿಗೋ ದೇಣಿಗೆ ಕೇಳ್ತಾರಲ್ಲ, ಕೊಡಿ, ಬೇಡ ಅನ್ನಲ್ಲ. ಕೊಡುವ ಮೊದಲು ಒಂದು ಪ್ರಶ್ನೆ ಹಾಕಿ: ನಮಗೆ ಪಾಠ ಹೇಳಿದ ಮೇಷ್ಟ್ರು ಈಗ ಆಸ್ಪತ್ರೆ ಸೇರಿದರೆ ಬಿಲ್ ಕಟ್ಟೋರು ಯಾರು? ಉತ್ತರ ಬರುವವರೆಗೂ ಫೋನ್ ಇಡಬೇಡಿ.