ಗೆರೆಗಳಿಗೆ ಹೆದರಬೇಡಿ, ಟ್ಯೂಬಿಗೆ ಹೆದರಿ

ಹದಿನಾಲ್ಕರ ಮಗ ಅಂಗಿ ಬದಲಿಸುವಾಗ ಅವನ ಬೆನ್ನಿನ ಕೆಳಭಾಗದಲ್ಲಿ ಅಡ್ಡಡ್ಡ ಕೆಂಪು ಗೆರೆಗಳು ಕಂಡರೆ ತಾಯಿಯ ಎದೆ ಧಸಕ್ಕೆನ್ನುತ್ತದೆ. ಯಾರಾದರೂ ಬೆತ್ತದಿಂದ ಹೊಡೆದರೇ ಎಂದು ಕೇಳುತ್ತಾಳೆ. ಕೇಳುವುದು ಸರಿಯೇ. ಆದರೆ ನೋವಿಲ್ಲದೆ, ಊತವಿಲ್ಲದೆ, ತಿಂಗಳಾದರೂ ಹಾಗೆಯೇ ಉಳಿಯುವ ಗೆರೆಗಳು ಸಾಮಾನ್ಯವಾಗಿ ಹೊಡೆತದ ಗುರುತಲ್ಲ. ಹುಡುಗ ಸರಸರನೆ ಎತ್ತರಕ್ಕೆ ಬೆಳೆದಾಗ ಚರ್ಮದಲ್ಲಿ ಮೂಡುವ ಗೆರೆಗಳವು. ಇವನ್ನೇ ಸ್ಟ್ರೆಚ್ ಮಾರ್ಕ್ಸ್ ಎನ್ನುತ್ತಾರೆ.

ನಮ್ಮ ಚರ್ಮದ ಮೇಲ್ಪದರದ ಕೆಳಗೆ ಕೊಲಾಜನ್ ಮತ್ತು ಇಲಾಸ್ಟಿನ್ ಎಂಬ ನಾರುಗಳಿವೆ. ಚರ್ಮ ಹಿಗ್ಗಿ ಮತ್ತೆ ಮೊದಲಿನಂತಾಗುವುದು ಇವುಗಳಿಂದಲೇ. ದೇಹ ಬೇಗನೆ ಬೆಳೆದಾಗ ಅಥವಾ ಹಾರ್ಮೋನುಗಳ ಏರುಪೇರಿನಿಂದ ಈ ನಾರುಗಳು ದುರ್ಬಲವಾದಾಗ ಅವು ಅಲ್ಲಲ್ಲಿ ಹರಿಯುತ್ತವೆ. ಆ ಜಾಗ ಮಾಯುವಾಗ ಉಳಿಯುವ ಕಲೆಯೇ ಈ ಗೆರೆ. ಮೊದಲು ಕೆಂಪಗೆ ಅಥವಾ ನೇರಳೆ ಬಣ್ಣದಲ್ಲಿದ್ದು, ಕೆಲವೊಮ್ಮೆ ತುರಿಸುತ್ತದೆ. ತಿಂಗಳುಗಳು ಕಳೆದಂತೆ ಬಿಳಿಚಿಕೊಂಡು ಮಾಸುತ್ತದೆ. ಹರೆಯದ ಹುಡುಗ ಹುಡುಗಿಯರಲ್ಲಿ, ಗರ್ಭಿಣಿಯರ ಹೊಟ್ಟೆ, ಎದೆ, ತೊಡೆಗಳಲ್ಲಿ, ತೂಕ ಬೇಗನೆ ಏರಿದವರಲ್ಲಿ, ಜಿಮ್‌ಗೆ ಹೋಗಿ ತೋಳು ಬೆಳೆಸುವ ಯುವಕರಲ್ಲಿ ಇದು ಸಾಮಾನ್ಯ. ತಾಯಿಗೆ ಬಂದಿದ್ದರೆ ಮಗಳಿಗೂ ಬರುವ ಸಾಧ್ಯತೆ ಹೆಚ್ಚು. ಇದು ರೋಗವಲ್ಲ, ಅಂಟುವುದೂ ಇಲ್ಲ.

ಹೀಗಿದ್ದೂ ಹೆರಿಗೆಯಾಗಿ ನಾಲ್ಕು ತಿಂಗಳಾದ ಹೆಣ್ಣುಮಗಳು ತನ್ನ ಹೊಟ್ಟೆಯನ್ನು ತಾನೇ ನೋಡಲು ಅಳುಕುತ್ತಾಳೆ. ಗಂಡ ಏನೆಂದುಕೊಳ್ಳುತ್ತಾನೋ ಎಂಬ ಚಿಂತೆ ಅವಳಿಗೆ. "ನೀನು ಎಣ್ಣೆ ಸರಿಯಾಗಿ ಹಚ್ಚಿಲ್ಲ" ಎಂದು ಮನೆಯವರು ಹೇಳಿದರಂತೂ ತಪ್ಪೆಲ್ಲ ಅವಳದೇ ಆಗುತ್ತದೆ. ಈ ಮಾತು ನಿಜವಲ್ಲ. 2012ರಲ್ಲಿ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 800 ಮಹಿಳೆಯರನ್ನೊಳಗೊಂಡ ಆರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಗರ್ಭಾವಸ್ಥೆಯಲ್ಲಿ ಯಾವುದೇ ಕ್ರೀಮು, ಎಣ್ಣೆ ಹಚ್ಚಿದರೆ ಗೆರೆ ಬರುವುದಿಲ್ಲ ಎಂಬುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ತೆಂಗಿನೆಣ್ಣೆ ಹಚ್ಚಿ, ತಪ್ಪಿಲ್ಲ. ಚರ್ಮ ಮೆತ್ತಗಿರುತ್ತದೆ, ತುರಿಕೆ ತಗ್ಗುತ್ತದೆ. ಆದರೆ ಗೆರೆ ತಡೆಯುತ್ತದೆಂದು ಸಾವಿರಾರು ರೂಪಾಯಿ ಕೊಟ್ಟು ಬಾಟಲಿ ಕೊಳ್ಳಬೇಡಿ. ಆ ಹಣಕ್ಕೆ ಮೊಟ್ಟೆ, ಮೀನು, ಬೇಳೆ, ಹಣ್ಣು ಬರುತ್ತದೆ.

ನಿಜವಾಗಿ ಹೆದರಬೇಕಾದದ್ದು ಬೇರೆಯೇ ಇದೆ. ಅದು ಬಹಳ ಮನೆಗಳ ಕಪಾಟಿನಲ್ಲಿರುವ ಚಿಕ್ಕ ಟ್ಯೂಬು.

ಸೆಕೆಗಾಲದಲ್ಲಿ, ಮಳೆಗಾಲದಲ್ಲಿ ತೊಡೆಸಂದು, ಕಂಕುಳಲ್ಲಿ ಹುಳುಕಡ್ಡಿ ಏಳುತ್ತದೆ. ತೋರಿಸಲು ನಾಚಿಕೆ. ಹೆಂಡತಿ ಗಂಡನಿಗೆ ಹೇಳುತ್ತಾಳೆ, ಗಂಡ ಮೆಡಿಕಲ್ ಅಂಗಡಿಯಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎನ್ನುತ್ತಾನೆ. ಹಾಗೆ ಸಿಗುವ ಎಷ್ಟೋ ಮುಲಾಮುಗಳಲ್ಲಿ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್‌ನಂತಹ ಪ್ರಬಲ ಸ್ಟಿರಾಯ್ಡ್ ಬೆರೆತಿರುತ್ತದೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಎಲ್ಲರಿಗೂ ಖುಷಿ. ಆದರೆ ಹುಳುಕಡ್ಡಿ ಸತ್ತಿರುವುದಿಲ್ಲ. ಹಚ್ಚುವುದು ಬಿಟ್ಟೊಡನೆ ಇನ್ನಷ್ಟು ಹರಡುತ್ತದೆ. ಮತ್ತೆ ಅದೇ ಟ್ಯೂಬು. ಹೀಗೆ ವಾರಗಟ್ಟಲೆ ಹಚ್ಚಿದಾಗ ತೆಳುವಾದ ಚರ್ಮ ಒಳಗಿಂದಲೇ ಹರಿದು ಅಗಲವಾದ ಗೆರೆಗಳು ಬೀಳುತ್ತವೆ. ಅವು ಪೂರ್ತಿ ಹೋಗುವುದಿಲ್ಲ. ಮದುವೆಗೆ ಮುಂಚೆ ಬೆಳ್ಳಗಾಗಲೆಂದು ಮುಖಕ್ಕೆ ಹಚ್ಚುವ ಕೆಲವು ಕ್ರೀಮುಗಳಲ್ಲೂ ಇದೇ ಸ್ಟಿರಾಯ್ಡ್ ಇರುತ್ತದೆ.

2018ರಲ್ಲಿ ಕೇಂದ್ರ ಸರಕಾರ ಚರ್ಮಕ್ಕೆ ಹಚ್ಚುವ 14 ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ನಿಯಮ ತಂದಿತು. ಆದರೂ ಚೀಟಿ ಕೇಳದೆ ಕೊಡುವ ಅಂಗಡಿಗಳಿವೆ. ಕೇಳಿ ಪಡೆಯುವವರು ನಾವೇ ಆಗಿರುವಾಗ ಅಂಗಡಿಯವನನ್ನಷ್ಟೇ ದೂರಿ ಪ್ರಯೋಜನವಿಲ್ಲ.

ಆದ್ದರಿಂದ ಇಂದೇ ನಿಮ್ಮ ಕಪಾಟು ತೆರೆದು ನೋಡಿ. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಮನೆಯ ಮಕ್ಕಳಿಂದ ಓದಿಸಿ. ಮೇಲೆ ಹೇಳಿದ ಹೆಸರುಗಳಿದ್ದರೆ, ಅಥವಾ ಮೊಮೆಟಾಸೋನ್ ಎಂದಿದ್ದರೆ, ಆ ಟ್ಯೂಬನ್ನೇ ಕೊಂಡೊಯ್ದು ಚರ್ಮರೋಗ ತಜ್ಞರಿಗೆ ತೋರಿಸಿ. ಒಬ್ಬರಿಗೆ ಬರೆದುಕೊಟ್ಟ ಮುಲಾಮನ್ನು ಇನ್ನೊಬ್ಬರು ಹಚ್ಚಬೇಡಿ. ನಾಚಿಕೆಯಾದರೆ ಮಹಿಳಾ ವೈದ್ಯರಿದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಟವೆಲು, ಒಳಉಡುಪು ಹಂಚಿಕೊಳ್ಳಬೇಡಿ. ಬಟ್ಟೆಯನ್ನು ಬಿಸಿಲಲ್ಲಿ ಒಣಗಿಸಿ, ಸ್ನಾನದ ನಂತರ ಸಂದುಗಳನ್ನು ಚೆನ್ನಾಗಿ ಒರೆಸಿ.

ಗೆರೆ ಮೂಡಿದವರಿಗೆ ಚಿಕಿತ್ಸೆ ಇಲ್ಲವೆಂದಲ್ಲ. ಕೆಂಪಗಿರುವಾಗಲೇ ಆರಂಭಿಸಿದರೆ ಟ್ರೆಟಿನಾಯಿನ್ ಕ್ರೀಮಿನಿಂದ ಸ್ವಲ್ಪ ಗುಣ ಕಾಣಬಹುದು. ಆದರೆ ಗರ್ಭಿಣಿಯರು ಅದನ್ನು ಬಳಸಲೇಬಾರದು, ಹಾಲುಣಿಸುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಲೇಸರ್, ಸೂಕ್ಷ್ಮ ಸೂಜಿಗಳ ಚಿಕಿತ್ಸೆಯಿಂದ ಗೆರೆಗಳು ಮಾಸುತ್ತವೆ, ಪೂರ್ತಿ ಅಳಿಯುವುದಿಲ್ಲ. ನಮ್ಮಂತಹ ಕಂದು ಚರ್ಮದಲ್ಲಿ ಲೇಸರ್ ನಂತರ ಕಪ್ಪು ಕಲೆ ಉಳಿಯುವ ಅಪಾಯವೂ ಇದೆ. ಬ್ಯೂಟಿ ಪಾರ್ಲರಿನಲ್ಲಿ ಮಾಡಿಸಿಕೊಳ್ಳುವ ಕೆಲಸ ಅದಲ್ಲ. ಗೆರೆಯ ಭಯದಿಂದ ಗರ್ಭಿಣಿಯರು ಊಟ ಕಡಿಮೆ ಮಾಡುವುದಂತೂ ಬೇಡವೇ ಬೇಡ.

ಒಂದು ಎಚ್ಚರಿಕೆ: ಗೆರೆಗಳು ಅಗಲವಾಗಿ, ಗಾಢ ನೇರಳೆಯಾಗಿದ್ದು, ಜೊತೆಗೆ ಮುಖ ದುಂಡಗಾಗಿ ಊದಿಕೊಂಡು, ಹೊಟ್ಟೆ ಬೆಳೆದು, ಕೈಕಾಲು ಸೋತು, ರಕ್ತದೊತ್ತಡ ಏರಿದ್ದರೆ ತಡಮಾಡಬೇಡಿ. ದೇಹದಲ್ಲಿ ಕಾರ್ಟಿಸೋಲ್ ಹಾರ್ಮೋನು ಹೆಚ್ಚಾಗಿರಬಹುದು. ಇದಕ್ಕೆ ಕುಶಿಂಗ್ ಸಿಂಡ್ರೋಮ್ ಎನ್ನುತ್ತಾರೆ, ಚಿಕಿತ್ಸೆ ಇದೆ.

ಉಳಿದಂತೆ, ಮಗುವನ್ನು ಹೊತ್ತ ಹೊಟ್ಟೆಯ ಮೇಲೆ ಗುರುತು ಉಳಿದರೆ ಅದರಲ್ಲಿ ನಾಚುವಂಥದ್ದೇನಿದೆ? ಗಂಡನಾದವನು ಈ ಮಾತನ್ನು ಒಮ್ಮೆ ಬಾಯಿಬಿಟ್ಟು ಹೇಳಲಿ. ಅಂಗಡಿಯ ಯಾವ ಕ್ರೀಮಿನಿಂದಲೂ ಸಿಗದ ಸಮಾಧಾನ ಅವಳಿಗೆ ಅದರಿಂದ ಸಿಗುತ್ತದೆ.