ನಿತ್ಯದ ಮಾತಿಗೆ ಜರಿಪೇಟ

ದಿನನಿತ್ಯದ್ದು ಎಂಬ ಸರಳವಾದ ಅರ್ಥಕ್ಕೆ ಇಂಗ್ಲಿಷಿನಲ್ಲಿ ‘ಕ್ವೊಟಿಡಿಯನ್’ ಎಂಬ ಗಂಭೀರವಾದ ಶಬ್ದವೊಂದಿದೆ. ವಿನೋದವೆಂದರೆ, ದಿನನಿತ್ಯವನ್ನು ಹೆಸರಿಸುವ ಈ ಶಬ್ದವೇ ದಿನನಿತ್ಯದ ಮಾತಿನಲ್ಲಿ ಅಪರೂಪ. ಪುಸ್ತಕವಿಮರ್ಶೆ, ಪ್ರೌಢಪ್ರಬಂಧ ಇವು ಅದರ ವಾಸಸ್ಥಾನ. ಅಲ್ಲಿಂದ ಅದು ನಮ್ಮ ವಿದ್ಯಾರ್ಥಿಗಳ ಬರವಣಿಗೆಗೂ ಇಳಿದು ಬರುವುದುಂಟು. ಬಂದ ಅತಿಥಿಯ ಕುಲಗೋತ್ರಗಳನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇದರ ಮೂಲ ಲ್ಯಾಟಿನ್. ‘ಎಷ್ಟು’ ಎಂಬರ್ಥದ ‘ಕ್ವೊಟ್’, ‘ದಿನ’ ಎಂಬರ್ಥದ ‘ಡಿಯೆಸ್’ ಎರಡೂ ಕೂಡಿ, ದಿನಗಳೆಷ್ಟೋ ಅಷ್ಟರಲ್ಲಿಯೂ, ಎಂದರೆ ಪ್ರತಿದಿನವೂ ಎಂಬ ಭಾವವಾಯಿತು. ಫ್ರೆಂಚಿನಲ್ಲಿ ಈ ಶಬ್ದ ಇಂದಿಗೂ ಮನೆಮಗಳು. ದಿನಪತ್ರಿಕೆಗೂ ಅಲ್ಲಿ ಅದೇ ಹೆಸರು. ಇಂಗ್ಲಿಷಿಗಾದರೋ ತನ್ನದೇ ಆದ ‘ಡೈಲಿ’ ಮೊದಲೇ ಇತ್ತು. 1066ರ ನಾರ್ಮನ್ ವಿಜಯದ ತರುವಾಯ ಆಳುವವರ ಭಾಷೆ ಫ್ರೆಂಚ್ ಆಯಿತು. ಆ ಹಾದಿಯಲ್ಲಿ ಬಂದ ಎಷ್ಟೋ ಶಬ್ದಗಳು ದೊಡ್ಡವರ ಪಂಕ್ತಿಯಲ್ಲಿ ಕುಳಿತವು. ಇದೂ ಅಂಥದೊಂದು.

ಹಿಂದೆ ಇದು ವೈದ್ಯರ ಮಾತೂ ಆಗಿತ್ತು. ದಿನವೂ ಮರಳಿ ಬರುವ ಜ್ವರಕ್ಕೆ ಇದೇ ಹೆಸರು. ನಮ್ಮ ಆಯುರ್ವೇದದ ‘ಅನ್ಯೇದ್ಯುಷ್ಕ’ ಜ್ವರದಂತೆ. 1623ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ಆ್ಯಸ್ ಯು ಲೈಕ್ ಇಟ್’ ನಾಟಕದಲ್ಲಿ ರೊಸಲಿಂಡ್ ಪ್ರೇಮಿಯನ್ನು ಪರಿಹಾಸ ಮಾಡುತ್ತ, ಅವನಿಗೆ ಹತ್ತಿರುವುದು ಈ ದಿನದಿನದ ಜ್ವರವೆಂಬಂತೆ ಮಾತನಾಡುತ್ತಾಳೆ.

ಇಂದು ಜ್ವರ ಇಳಿದಿದೆ, ಬೇಸರ ಉಳಿದಿದೆ. ‘ಡೈಲಿ’ ಎಂಬುದು ದಿನಗಳನ್ನು ಎಣಿಸುತ್ತದೆ. ‘ಕ್ವೊಟಿಡಿಯನ್’ ಎಂಬುದು ಅವುಗಳನ್ನು ತೂಗಿ, ಹಲವು ಸಲ, ಹಗುರವೆಂದು ತೀರ್ಪು ಕೊಡುತ್ತದೆ. ಪ್ರತಿದಿನ ಬರುವ ಹಾಲಿಗೂ ದಿನಗೂಲಿಗೂ ‘ಡೈಲಿ’ಯೇ ಸಾಕು. ಹೊಸತೇನೂ ಇಲ್ಲದ, ಸಪ್ಪೆಯಾದ ಬಾಳು ಎಂಬ ಧ್ವನಿ ಬೇಕಾದಾಗ ಮಾತ್ರ ದೊಡ್ಡ ಶಬ್ದಕ್ಕೆ ಕೆಲಸ. ಹೊರೆಯಿಲ್ಲದ ಕಡೆ ಆನೆಯನ್ನು ಕರೆಯುವುದು ಪಾಂಡಿತ್ಯವಲ್ಲ.

ಕನ್ನಡಕ್ಕೆ ತರುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ‘ನಿತ್ಯದ’ ಎಂದು ಬರೆದು ಮುಂದೆ ಸಾಗುವುದು ಸುಲಭ. ಆದರೆ ನಮ್ಮ ‘ನಿತ್ಯ’ಕ್ಕೆ ಎರಡು ಮುಖ. ನಿತ್ಯಕರ್ಮವೆಂದರೆ ದಿನವೂ ಮಾಡತಕ್ಕದ್ದು. ನಿತ್ಯಸತ್ಯವೆಂದರೆ ಎಂದಿಗೂ ಅಳಿಯದ್ದು. ಪ್ರತಿದಿನದ್ದನ್ನೂ ಶಾಶ್ವತವಾದದ್ದನ್ನೂ ಒಂದೇ ಶಬ್ದದಲ್ಲಿ ಹಿಡಿದ ಭಾಷೆ, ಬೇಸರದ ಇಂಗ್ಲಿಷ್ ಶಬ್ದಕ್ಕೆ ಸರಿಸಾಟಿಯಾಗಲಾರದು. ತಾತ್ಸಾರದ ಧ್ವನಿಯಿದ್ದಲ್ಲಿ ಸಂತೆಯವರೂ ಆಡುವ ‘ಮಾಮೂಲಿ’ಯೇ ಹೆಚ್ಚು ಹತ್ತಿರ.

ಇದು ಬರಿಯ ನಿಘಂಟಿನ ಜಗಳವಲ್ಲ. ಶಬ್ದದೊಡನೆ ದೃಷ್ಟಿಯೂ ಬರುತ್ತದೆ. ಒಲೆ ಹಚ್ಚುವುದು, ನೀರು ಸೇದುವುದು, ಮಗುವನ್ನು ಶಾಲೆಗೆ ಅಣಿಮಾಡುವುದು ಇವುಗಳನ್ನು ಕುರಿತ ಕಥೆ ಎದುರಾದಾಗ, ಎರವಲು ಶಬ್ದದ ತಾತ್ಸಾರದಿಂದ ಓದಿದವನಿಗೆ ಅಲ್ಲಿ ಏನೂ ನಡೆಯಲಿಲ್ಲವೆಂದು ತೋರೀತು. ‘ನಿತ್ಯ’ವೆಂದು ಓದಿದವನಿಗೆ ಬಾಳು ನಿಂತಿರುವುದೇ ಅದರ ಮೇಲೆಂದು ತಿಳಿದೀತು. ನಮ್ಮ ತರುಣರು ಆ ಇಂಗ್ಲಿಷ್ ಶಬ್ದವನ್ನು ಧಾರಾಳವಾಗಿ ಕಲಿಯಲಿ. ಅದರ ಬೇಸರವನ್ನು ಮಾತ್ರ ಅದರ ಒಡೆಯರಿಗೇ ಬಿಡಲಿ.