ರೇಡಿಯೋಗ್ರಫಿ: ಸೀಟು ಹಿಡಿಯುವ ಮೊದಲು ಕಾಲೇಜು ನೋಡಬೇಕು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲಿನ ಕೆಲವು ವಾರ, ವಿಜ್ಞಾನ ಓದಿದ ಮಕ್ಕಳ ಮನೆಗಳಲ್ಲಿ ಒಂದೇ ಚರ್ಚೆ. ಜೀವಶಾಸ್ತ್ರದಲ್ಲಿ ಅಂಕ ಚೆನ್ನಾಗಿಯೇ ಬಂದಿದೆ, ಆದರೆ ವೈದ್ಯಕೀಯ ಸೀಟಿಗೆ ಸಾಲದು. ಖಾಸಗಿ ಕಾಲೇಜಿನ ಶುಲ್ಕ ಕೇಳಿದರೆ ಹೊಲ ಮಾರಬೇಕು. ‘ಮುಂದೇನು?’ ಎಂದು ತಂದೆ ಕೇಳುತ್ತಾರೆ, ಮಗಳು ಸುಮ್ಮನಿರುತ್ತಾಳೆ. ಅಷ್ಟರಲ್ಲಿ ಪರಿಚಯದವರೊಬ್ಬರು ಬಂದು, ‘ಎಕ್ಸ್-ರೇ ಕೋರ್ಸಿಗೆ ಸೇರಿಸಿಬಿಡಿ, ಬೇಗ ಕೆಲಸ ಸಿಗುತ್ತದೆ’ ಎನ್ನುತ್ತಾರೆ. ಬಸ್ ನಿಲ್ದಾಣದ ಗೋಡೆಯ ಮೇಲೂ ಅಂಥದೇ ಒಂದು ಭಿತ್ತಿಪತ್ರ: ಆರು ತಿಂಗಳ ತರಬೇತಿ, ನೂರಕ್ಕೆ ನೂರು ಉದ್ಯೋಗ.

ಪರಿಚಯದವರ ಸಲಹೆ ಕೆಟ್ಟದ್ದಲ್ಲ. ಆಸ್ಪತ್ರೆ ಇರುವಲ್ಲೆಲ್ಲ ಎಕ್ಸ್-ರೇ ಕೋಣೆ ಇದೆ, ಅದನ್ನು ನಡೆಸಲು ಬಲ್ಲವರು ಬೇಕು. ಅಪಾಯ ಇರುವುದು ಭಿತ್ತಿಪತ್ರದಲ್ಲಿ. ಅವಸರದಲ್ಲಿ ಎಲ್ಲೋ ಒಂದು ಸೀಟು ಹಿಡಿದು, ಹಣ ಕಟ್ಟಿ, ಕೊನೆಗೆ ಕೈಗೆ ಬಂದ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ ಎಂದು ತಿಳಿಯುವ ಹೊತ್ತಿಗೆ ಹಣದ ಜತೆ ವಯಸ್ಸೂ ಹೋಗಿರುತ್ತದೆ.

ಕೆಲಸ ಎಂಥದು?

ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡದ್ದು 1895ರ ನವೆಂಬರ್ 8ರಂದು. ಭೌತಶಾಸ್ತ್ರದ ಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಅವನಿಗೇ ಸಂದಿತು. ಕತ್ತಲ ಕೋಣೆಯಲ್ಲಿ ಫಿಲ್ಮ್ ತೊಳೆಯುವ ಕಾಲ ಬಹುತೇಕ ಮುಗಿದು, ಈಗ ಚಿತ್ರ ನೇರವಾಗಿ ಕಂಪ್ಯೂಟರ್ ಪರದೆಗೆ ಬರುತ್ತದೆ. ಹಾಗೆಂದು ಇದು ಗುಂಡಿ ಒತ್ತುವ ಕೆಲಸವಲ್ಲ.

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯನ್ನು ಸ್ಟ್ರೆಚರಿನಲ್ಲಿ ತಂದಿರುತ್ತಾರೆ. ಮೈ ಅಲುಗಿದರೆ ಚೀರುತ್ತಾರೆ. ಕಾಲನ್ನು ಹೊರಳಿಸದೆ, ಯಂತ್ರದ ಕೋನ ಬದಲಿಸಿ, ಬೇಕಾದ ಚಿತ್ರವನ್ನು ಒಂದೇ ಸಲಕ್ಕೆ ತೆಗೆಯಬೇಕು. ಸರಿ ಬಾರದೆ ಮತ್ತೊಮ್ಮೆ ತೆಗೆದರೆ ಅಜ್ಜಿಗೆ ನೋವೂ ಎರಡು ಸಲ, ವಿಕಿರಣವೂ ಎರಡು ಸಲ. ಹೆಸರು ಸರಿಯಿದೆಯೇ, ಎಡ-ಬಲದ ಗುರುತು ಬಿದ್ದಿದೆಯೇ, ಬಂದಿರುವ ಯುವತಿ ಗರ್ಭಿಣಿಯೇ ಎಂಬುದನ್ನೆಲ್ಲ ಗುಂಡಿ ಒತ್ತುವ ಮೊದಲೇ ವಿಚಾರಿಸಬೇಕು. ಎಡ-ಬಲದ ಒಂದು ಗುರುತು ತಪ್ಪಿದರೆ ಶಸ್ತ್ರಚಿಕಿತ್ಸೆಯೇ ತಪ್ಪಬಹುದು.

ಎರಡು ಭ್ರಮೆಗಳನ್ನು ಮೊದಲೇ ಬಿಡುವುದು ಒಳ್ಳೆಯದು. ರೇಡಿಯೋಗ್ರಾಫರ್ ವೈದ್ಯರಲ್ಲ, ಚಿತ್ರ ನೋಡಿ ವರದಿ ಬರೆಯುವವರು ರೇಡಿಯಾಲಜಿಸ್ಟ್ ಆದ ವೈದ್ಯರು. ಇನ್ನು, ಈ ಕೋರ್ಸ್ ಮುಗಿಸಿ ಸ್ವಂತ ಸ್ಕ್ಯಾನಿಂಗ್ ಕೇಂದ್ರ ತೆರೆದು ಗರ್ಭಿಣಿಯರಿಗೆ ಸ್ಕ್ಯಾನ್ ಮಾಡಬಹುದು ಎಂದುಕೊಂಡವರೂ ಇದ್ದಾರೆ. ಭ್ರೂಣಲಿಂಗ ಪತ್ತೆ ತಡೆಗಾಗಿ ಬಂದ 1994ರ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಅದು ಅರ್ಹ ವೈದ್ಯರ ಕೆಲಸ. ಎಕ್ಸ್-ರೇ, ಸಿ.ಟಿ., ಎಂ.ಆರ್.ಐ., ಮ್ಯಾಮೋಗ್ರಫಿ — ರೇಡಿಯೋಗ್ರಾಫರ್‌ನ ಕ್ಷೇತ್ರ ಇವು.

ಎರಡು ದಾರಿಗಳು

ಕರ್ನಾಟಕದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಪದವಿ. ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ, ಇಂಟರ್ನ್‌ಷಿಪ್ ಸೇರಿ ನಾಲ್ಕು ವರ್ಷ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಹಲವು ಕಾಲೇಜುಗಳಲ್ಲಿ ಈ ಕೋರ್ಸ್ ಇದೆ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪಿಯುಸಿ ಅಂಕಗಳ ಆಧಾರದ ಮೇಲೆ ಹಂಚಿದೆ. ನಿಮ್ಹಾನ್ಸ್, ಮಣಿಪಾಲದಂಥ ಸಂಸ್ಥೆಗಳು ಪ್ರವೇಶಕ್ಕೆ ತಮ್ಮದೇ ಪ್ರಕಟಣೆ ಹೊರಡಿಸುತ್ತವೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಿಂದಿನ ವರ್ಷ ಸೇರಿದವರ ಮಾತನ್ನು ನಂಬಿ ಕೂರದೆ, ಆ ವರ್ಷದ ಮಾಹಿತಿ ಪುಸ್ತಿಕೆಯನ್ನೇ ಓದಬೇಕು.

ಎರಡನೆಯದು ಡಿಪ್ಲೊಮಾ. ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್ ಇದಕ್ಕೆ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೂ ಅವಕಾಶವುಂಟು; ಪಿಯುಸಿ ವಿಜ್ಞಾನ ಓದಿ ಬಂದವರಿಗಿಂತ ಅವರ ಕೋರ್ಸಿನ ಅವಧಿ ಹೆಚ್ಚು. ಬೇಗ ದುಡಿಮೆಗೆ ಇಳಿಯಲೇಬೇಕಾದ ಮನೆಯ ಮಕ್ಕಳಿಗೆ ಈ ದಾರಿ ಯೋಗ್ಯ. ಉನ್ನತ ವ್ಯಾಸಂಗ, ಬೋಧನೆ ಅಥವಾ ಹೊರದೇಶದ ಕೆಲಸದ ಆಸೆಯಿದ್ದವರಿಗೆ ಪದವಿಯೇ ಮೇಲು.

ಅರ್ಜಿ ತುಂಬುವಾಗ ಒಂದು ಎಚ್ಚರ ಬೇಕು. ಅಲೈಡ್ ಹೆಲ್ತ್ ಸೈನ್ಸಸ್ ಎಂಬ ಒಂದೇ ಹೆಸರಿನಡಿ ಡಯಾಲಿಸಿಸ್, ಅರಿವಳಿಕೆ, ಪ್ರಯೋಗಾಲಯ ಮೊದಲಾದ ಹತ್ತಾರು ಕೋರ್ಸುಗಳಿವೆ. ರೇಡಿಯೋಥೆರಪಿ ಎಂಬುದೂ ಒಂದಿದೆ. ಅದು ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ವಿದ್ಯೆ, ಚಿತ್ರ ತೆಗೆಯುವುದಲ್ಲ. ಹೆಸರು ಹತ್ತಿರ ಹತ್ತಿರ ಇದೆಯೆಂದು ಯಾವುದೋ ಒಂದನ್ನು ಗುರುತಿಸಿ ಆಮೇಲೆ ಪೇಚಾಡುವುದು ಬೇಡ.

ಕಾಗದಪತ್ರಗಳನ್ನೂ ಮೊದಲೇ ಜೋಡಿಸಿಡಬೇಕು. ಅಂಕಪಟ್ಟಿಗಳು, ಏಳು ವರ್ಷ ರಾಜ್ಯದಲ್ಲಿ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ. ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಮೀಸಲಾತಿ ಕೋರುವವರು 1ರಿಂದ 10ನೇ ತರಗತಿವರೆಗಿನ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಬೇಕು. ಕೊನೆಯ ದಿನ ಆ ಕಚೇರಿಯ ಮುಂದೆ ನಿಲ್ಲುವ ಸಾಲನ್ನು ನೋಡಿದವರಿಗೆ ಇದರ ಅಗತ್ಯ ಬೇರೆ ಹೇಳಬೇಕಿಲ್ಲ.

ಆರು ತಿಂಗಳ ಲೆಕ್ಕ

ಈಗ ಆ ಭಿತ್ತಿಪತ್ರದ ವಿಚಾರ. ಕೇಂದ್ರ ಸರ್ಕಾರ 2021ರಲ್ಲಿ ತಂದ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ರೇಡಿಯಾಲಜಿ ಮತ್ತು ಇಮೇಜಿಂಗ್ ತಂತ್ರಜ್ಞಾನವೂ ಸೇರಿದೆ. ಅದರ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಪರರ ಡಿಪ್ಲೊಮಾ ಅಥವಾ ಪದವಿ ಕನಿಷ್ಠ 2000 ಗಂಟೆಗಳದ್ದಾಗಿರಬೇಕು, ಅದೂ ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿರಬೇಕು. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ಎಂದು ಉದಾರವಾಗಿ ಹಿಡಿದರೂ ಆರು ತಿಂಗಳಿಗೆ ಆಗುವುದು 1200 ಗಂಟೆ. ಲೆಕ್ಕ ಅಲ್ಲಿಗೇ ಮುಗಿಯಿತು.

ಇನ್ನೊಂದು ಕಡೆಯಿಂದಲೂ ಕಟ್ಟುಪಾಡಿದೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯಿಲ್ಲದೆ ಯಾವ ಆಸ್ಪತ್ರೆಯೂ ಎಕ್ಸ್-ರೇ ಯಂತ್ರ ನಡೆಸುವಂತಿಲ್ಲ. ಯಂತ್ರ ನಡೆಸುವವರು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಾದವರಾಗಿರಬೇಕೆಂಬುದೂ ಮಂಡಳಿಯ ನಿಯಮ. ಮಾನ್ಯತೆಯಿಲ್ಲದ ಪ್ರಮಾಣಪತ್ರ ಹಿಡಿದವರಿಗೆ ಎಲ್ಲೋ ಕಡಿಮೆ ಸಂಬಳಕ್ಕೆ ಕೆಲಸ ಸಿಕ್ಕರೂ ತಪಾಸಣೆ ಬಂದ ದಿನ ಅದು ಉಳಿಯುವುದಿಲ್ಲ.

ಕಾಲೇಜಿನಲ್ಲಿ ಕೇಳಬೇಕಾದ್ದು

ಹೆಣ್ಣು ಕೊಡುವಾಗ ಮನೆತನ ವಿಚಾರಿಸುವಷ್ಟು ಶ್ರದ್ಧೆಯಿಂದ ಕಾಲೇಜನ್ನೂ ವಿಚಾರಿಸಬೇಕು. ಈ ವರ್ಷದ ಸಂಯೋಜನೆಯ ಆದೇಶ ಎಲ್ಲಿದೆ? ಅದರಲ್ಲಿ ಈ ಕೋರ್ಸಿಗೆ ಎಷ್ಟು ಸೀಟು? ಸ್ವಂತ ಆಸ್ಪತ್ರೆ ಇದೆಯೇ, ಇಲ್ಲದಿದ್ದರೆ ವಿದ್ಯಾರ್ಥಿಗಳನ್ನು ಕಳಿಸುವುದು ಎಲ್ಲಿಗೆ? ದಿನಕ್ಕೆ ಎಷ್ಟು ಎಕ್ಸ್-ರೇ ಆಗುತ್ತದೆ? ಸಿ.ಟಿ., ಎಂ.ಆರ್.ಐ. ಯಂತ್ರಗಳು ನಡೆಯುತ್ತಿವೆಯೇ, ವಿದ್ಯಾರ್ಥಿಗಳಿಗೆ ಅವುಗಳ ಹತ್ತಿರ ನಿಲ್ಲಲು ಬಿಡುತ್ತಾರೆಯೇ? ನಾಲ್ಕೂ ವರ್ಷದ ಶುಲ್ಕ ಎಷ್ಟು, ರಸೀದಿ ಕೊಡುತ್ತಾರೆಯೇ?

ಇವನ್ನು ಕಚೇರಿಯಲ್ಲಿ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಸಿಗುವುದು ಎರಡನೇ, ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿದಾಗ. ರೋಗಿಗಳೇ ಬಾರದ ಆಸ್ಪತ್ರೆಯಲ್ಲಿ ಈ ವಿದ್ಯೆ ಬರುವುದಿಲ್ಲ; ಕೆರೆಗೆ ಇಳಿಯದೆ ಈಜು ಕಲಿತಂತೆ. ಮೂಲ ಅಂಕಪಟ್ಟಿಗಳನ್ನು ಮಧ್ಯವರ್ತಿಯ ಕೈಗೆ ಕೊಡಲೇಬಾರದು.

ಮನೆಯವರ ಭಯ

ಎಲ್ಲ ಸರಿಯಿದ್ದರೂ ಅನೇಕ ಮನೆಗಳಲ್ಲಿ ತಾಯಿಯ ಒಂದು ಪ್ರಶ್ನೆ ಉಳಿದಿರುತ್ತದೆ: ‘ಹೆಣ್ಣುಮಗು, ದಿನವೂ ಆ ಕಿರಣದ ನಡುವೆ ಇದ್ದರೆ ಮುಂದೆ ತೊಂದರೆಯಾಗುವುದಿಲ್ಲವೇ?’ ಇದು ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ.

ವಿಕಿರಣದ ಕೆಲಸದವರಿಗೆ ಭಾರತದಲ್ಲಿ ಮಿತಿಯಿದೆ: ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30ನ್ನು ಮೀರುವಂತಿಲ್ಲ. 18 ತುಂಬದ ತರಬೇತಿಯವರಿಗೆ ಮಿತಿ ವರ್ಷಕ್ಕೆ 6 ಮಾತ್ರ. ಹೋಲಿಕೆಗೆ ಹೇಳುವುದಾದರೆ, ಮಣ್ಣು, ಕಲ್ಲು, ಆಕಾಶದಿಂದ ಎಲ್ಲ ಮನುಷ್ಯರಿಗೂ ಸಹಜವಾಗಿ ತಗಲುವ ವಿಕಿರಣವೇ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಕೆಲಸದವರು ಎದೆಯ ಮೇಲೆ ಟಿ.ಎಲ್.ಡಿ. ಬ್ಯಾಡ್ಜ್ ಧರಿಸುತ್ತಾರೆ, ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ, ಎಷ್ಟು ವಿಕಿರಣ ತಗಲಿದೆಯೆಂದು ಅಳೆಸುತ್ತಾರೆ. ಗರ್ಭಿಣಿಯೆಂದು ತಿಳಿಸಿದ ಮೇಲೆ ಉಳಿದ ತಿಂಗಳುಗಳಲ್ಲಿ ಗರ್ಭದ ಶಿಶುವಿಗೆ 1 ಮಿಲಿಸೀವರ್ಟ್ ಮೀರದಂತೆ ಆಸ್ಪತ್ರೆಯೇ ಕೆಲಸ ಬದಲಿಸಿ ಕೊಡಬೇಕು. ಎಂ.ಆರ್.ಐ. ಕೋಣೆಯಲ್ಲಂತೂ ಕ್ಷ-ಕಿರಣವೇ ಇಲ್ಲ.

ತಡೆಗೋಡೆಯ ಹಿಂದೆ ನಿಂತು, ಸೀಸದ ಏಪ್ರನ್ ತೊಟ್ಟು ಕೆಲಸ ಮಾಡುವವರಿಗೆ ಈ ವೃತ್ತಿ ಭಯದ್ದಲ್ಲ. ಉದಾಸೀನ ಮಾಡುವವರಿಗೆ ಖಂಡಿತ ಅಪಾಯ. ಆದ್ದರಿಂದ ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳಿಗೆ ಇನ್ನೊಂದು ಸೇರುತ್ತದೆ: ವಿದ್ಯಾರ್ಥಿಗಳಿಗೆ ಬ್ಯಾಡ್ಜ್ ಕೊಡುತ್ತಾರೆಯೇ? ‘ಹುಡುಗರಿಗೆ ಅದೆಲ್ಲ ಏಕೆ?’ ಎಂದು ನಗುವ ಕಾಲೇಜಿನಿಂದ ಹೊರಗೆ ಬರುವುದೇ ಲೇಸು.

ಸೇರುವ ಮೊದಲು

ಗಲ್ಫ್ ಕೆಲಸದ ಮಾತು ಹೇಳಿ ಸೀಟು ಮಾರುವವರಿದ್ದಾರೆ. ಹೊರದೇಶದಲ್ಲಿ ಅಲ್ಲಿನ ಪರವಾನಗಿ, ನೋಂದಣಿ, ಅನುಭವ ಎಲ್ಲ ಕೇಳುತ್ತಾರೆ. ಪ್ರವೇಶಕ್ಕೂ ಮೊದಲೇ ದುಬೈ ಸಂಬಳ ಎಣಿಸುವುದೆಂದರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಅದಕ್ಕಿಂತ ಸುಲಭದ, ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಅರ್ಜಿ ಹಾಕುವ ಮೊದಲು ಒಂದು ಸೋಮವಾರ ಬೆಳಿಗ್ಗೆ ವಿದ್ಯಾರ್ಥಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಎಕ್ಸ್-ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ ಎರಡು ಗಂಟೆ ಕುಳಿತು ಬರಲಿ. ಕೆಮ್ಮುವವರು, ಅಳುವ ಮಗು, ಕುಡಿದು ಬಿದ್ದವನು, ‘ಇನ್ನೂ ಎಷ್ಟು ಹೊತ್ತು?’ ಎಂದು ಗದರುವವರು — ಇವರೆಲ್ಲರ ನಡುವೆ ತಾಳ್ಮೆಯಿಂದ ಹೆಸರು ಕರೆಯುವ ಆ ಒಬ್ಬರ ಜಾಗದಲ್ಲಿ ತನ್ನನ್ನು ಇಟ್ಟು ನೋಡಲಿ. ‘ಇದು ನನ್ನಿಂದಾಗುತ್ತದೆ’ ಎನಿಸಿದರೆ ಆ ಮಗಳಿಗೆ ಇದು ವೈದ್ಯಕೀಯ ಸೀಟು ತಪ್ಪಿದ್ದಕ್ಕೆ ಸಿಕ್ಕ ಸಮಾಧಾನವಾಗಿ ಉಳಿಯುವುದಿಲ್ಲ, ಅವಳೇ ಆರಿಸಿಕೊಂಡ ಕೆಲಸವಾಗುತ್ತದೆ. ಆಮೇಲೆ ತಂದೆ ಧೈರ್ಯವಾಗಿ ಶುಲ್ಕ ಕಟ್ಟಬಹುದು — ಸಂಯೋಜನೆಯ ಆದೇಶವನ್ನು ಕಣ್ಣಾರೆ ನೋಡಿದ ಮೇಲೆ.